ಹವಾನಿಯಂತ್ರಕದ ಖರೀದಿ: ಅಂಗಡಿಯ ಬೆಲೆ ಮತ್ತು ಹತ್ತು ವರ್ಷಗಳ ಲೆಕ್ಕ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಪಟ್ಟಣದ ವರ್ತಕ ಕುಟುಂಬಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ಈ ಬಾರಿಯಾದರೂ ಮನೆಗೆ ಒಂದು ಎ.ಸಿ. ಹಾಕಿಸಬೇಕೇ, ಅಥವಾ ಹಳೆಯ ಕೂಲರಿಗೆ ಹೊಸ ಹುಲ್ಲು ಹಾಕಿಸಿ ಇನ್ನೊಂದು ಬೇಸಿಗೆಯನ್ನು ದೂಡಬೇಕೇ? ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರವೇ ತನ್ನ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ಪದ್ಧತಿ ಇರುವ ಈ ಬಿಸಿಲು ನಾಡಿನಲ್ಲಿ ಇದು ಕೇವಲ ಭೋಗದ ಪ್ರಶ್ನೆಯಾಗಿ ಉಳಿದಿಲ್ಲ. ವಯಸ್ಸಾದ ತಂದೆತಾಯಿ, ಪರೀಕ್ಷೆಗೆ ಓದುವ ಮಕ್ಕಳು, ಹಗಲಿಡೀ ಗಲ್ಲೆಯ ಮೇಲೆ ಕುಳಿತು ರಾತ್ರಿ ನಿದ್ರೆ ಕಾಣದ ಯಜಮಾನ ಇವರೆಲ್ಲರ ಆರೋಗ್ಯ ಇದರಲ್ಲಿ ಅಡಗಿದೆ. ಆದರೆ ಕಿರಾಣಿ, ಬಟ್ಟೆ ಅಥವಾ ಗೊಬ್ಬರದ ಅಂಗಡಿ ನಡೆಸುವವರಿಗೆ ನಲವತ್ತು ಸಾವಿರ ರೂಪಾಯಿ ಎಂಬುದು ಒಂದು ಸುತ್ತಿನ ಸರಕಿನ ಹಣ. ಆ ಹಣವನ್ನು ಗೋಡೆಗೆ ನೇತುಹಾಕುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಅವಶ್ಯ.

ಸಾಮಾನ್ಯವಾಗಿ ಗ್ರಾಹಕರು ಮಾಡುವ ಲೆಕ್ಕ ಒಂದೇ: ಯಾವ ಅಂಗಡಿಯಲ್ಲಿ ಎಷ್ಟು ಬೆಲೆ, ಯಾರು ಎಷ್ಟು ಬಿಡುತ್ತಾರೆ. ಹವಾನಿಯಂತ್ರಕದ ವಿಷಯದಲ್ಲಿ ಇದು ಅರ್ಧ ಲೆಕ್ಕ ಮಾತ್ರ. ಎಂಟು ಹತ್ತು ವರ್ಷ ಓಡುವ ಈ ಯಂತ್ರ ತನ್ನ ಆಯುಷ್ಯದಲ್ಲಿ ನುಂಗುವ ವಿದ್ಯುತ್ತಿನ ಬೆಲೆ, ಹೆಚ್ಚು ಬಳಸುವವರಲ್ಲಿ, ಅದರ ಖರೀದಿ ಬೆಲೆಯನ್ನು ಮೀರುತ್ತದೆ. ಕಡಿಮೆ ಬಳಸುವವರಲ್ಲಿ ಪರಿಸ್ಥಿತಿ ತಿರುಗುಮುರುಗು. ಆದ್ದರಿಂದ ಯಾವ ಎ.ಸಿ. ಅಗ್ಗ ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿಲ್ಲ. ಅದನ್ನು ವರ್ಷಕ್ಕೆ ಎಷ್ಟು ಗಂಟೆ ಓಡಿಸಲಾಗುತ್ತದೆ ಎಂಬುದರಲ್ಲಿದೆ.

ಮೊದಲು ಮಾಳಿಗೆಯ ವಿಚಾರ

ಗುರುಮಠಕಲ್ ಮತ್ತು ಸುತ್ತಮುತ್ತಲಿನ ಹಳೆಯ ಮನೆಗಳು ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದಿ ಫರಸಿಯ ನೆಲ ಉಳ್ಳವು. ಅಂಥ ಮನೆಯ ನಡುಮನೆಯಲ್ಲಿ ಮಧ್ಯಾಹ್ನವೂ ತಕ್ಕಮಟ್ಟಿಗೆ ತಂಪು ಇರುತ್ತಿತ್ತು. ಈಗ ಕಟ್ಟುತ್ತಿರುವವು ಆರ್‌ಸಿಸಿ ಚಾವಣಿಯ ಮನೆಗಳು. ತೆಳುವಾದ ಚಾವಣಿ ಹಗಲೆಲ್ಲಾ ಬಿಸಿಲನ್ನು ಹೀರಿ, ಮನೆಯವರು ಮಲಗುವ ಹೊತ್ತಿಗೆ ಸರಿಯಾಗಿ ಆ ಕಾವನ್ನು ಕೋಣೆಯೊಳಗೆ ಬಿಡತೊಡಗುತ್ತದೆ. ರಾತ್ರಿ ಹತ್ತು ಗಂಟೆಗೆ ಓಡುವ ಎ.ಸಿ. ಬಹುಪಾಲು ಹೋರಾಡುವುದು ಹೊರಗಿನ ಗಾಳಿಯೊಂದಿಗಲ್ಲ, ಈ ಚಾವಣಿಯೊಂದಿಗೆ.

ಹೀಗಾಗಿ ಮೊದಲ ಖರ್ಚು ಚಾವಣಿಗೆ ಆಗಬೇಕು. ಬೇಸಿಗೆಗೆ ಮುನ್ನ ಚಾವಣಿಯ ಮೇಲೆ ದಪ್ಪನಾಗಿ ಸುಣ್ಣ ಅಥವಾ ಬಿಳಿಯ ಪ್ರತಿಫಲನ ಬಣ್ಣ ಬಳಿಸುವುದು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡುವುದು, ಬಾಗಿಲು ಕಿಟಕಿಗಳ ಸಂದು ಮುಚ್ಚುವುದು ಕೆಲವೇ ಸಾವಿರ ರೂಪಾಯಿಗಳ ಕೆಲಸ. ಇದನ್ನು ಮಾಡಿದ ಕೋಣೆಗೆ ಒಂದು ಟನ್ನಿನ ಯಂತ್ರ ಸಾಕಾಗಬಹುದು. ಮಾಡದ ಅದೇ ಕೋಣೆಗೆ ಒಂದೂವರೆ ಟನ್ ಬೇಕಾಗಬಹುದು.

ಇಲ್ಲಿ ಟನ್ ಎಂದರೆ ಯಂತ್ರದ ತೂಕವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಸಾಮರ್ಥ್ಯಕ್ಕೆ ಒಂದು ಟನ್ ಎನ್ನುತ್ತಾರೆ. ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖ. ಪೇಟೆಯ ರೂಢಿಯ ಅಂದಾಜಿನಂತೆ 120 ಚದರ ಅಡಿಯವರೆಗಿನ ಕೋಣೆಗೆ ಒಂದು ಟನ್, 180 ಚದರ ಅಡಿಯವರೆಗೆ ಒಂದೂವರೆ ಟನ್. ಮೇಲಿನ ಮಹಡಿಯಲ್ಲಿ ಬಿಸಿಲಿಗೆ ನೇರ ಒಡ್ಡಿಕೊಂಡ ಕೋಣೆಯಾದರೆ ಒಂದು ಮೆಟ್ಟಿಲು ಮೇಲೇರಬೇಕು. ಇನ್ನೊಂದು ಸೂಕ್ಷ್ಮವಿದೆ. ತಯಾರಕರು ಘೋಷಿಸುವ ಸಾಮರ್ಥ್ಯ ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಹೊರಗೆ 42, 43 ಡಿಗ್ರಿ ಆದಾಗ ಅದೇ ಯಂತ್ರದ ಸಾಮರ್ಥ್ಯ ಇಳಿಯುತ್ತದೆ, ವಿದ್ಯುತ್ ಬಳಕೆ ಏರುತ್ತದೆ. ಬೆಂಗಳೂರಿನ ನೆಂಟರ ಮನೆಯಲ್ಲಿ ಒಂದು ಟನ್ ಯಂತ್ರ ಚೆನ್ನಾಗಿ ತಂಪು ಮಾಡುತ್ತಿದೆ ಎಂಬುದು ಗುರುಮಠಕಲ್ಲಿನ ಖರೀದಿಗೆ ಆಧಾರವಾಗಲಾರದು.

ಕೂಲರಿನ ಪರವಾಗಿ ಒಂದು ಮಾತು

ಒಣ ಬಿಸಿಲಿನ ಊರುಗಳಿಗೆ ಪ್ರಕೃತಿ ಕೊಟ್ಟ ಒಂದು ಅನುಕೂಲವೆಂದರೆ ನೀರು ಆವಿಯಾಗುವಾಗ ಉಂಟಾಗುವ ತಂಪು. ಹಿಂದಿನವರು ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಇದನ್ನೇ ಬಳಸಿಕೊಂಡರು. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದು, ಗಾಳಿಯಲ್ಲಿ ಸಾಪೇಕ್ಷ ತೇವಾಂಶ ಶೇ. 20ರಷ್ಟಿದ್ದರೆ, ಒಂದು ಒಳ್ಳೆಯ ಕೂಲರ್ ತನ್ನ ಮೂಲಕ ಹಾಯುವ ಗಾಳಿಯನ್ನು 28, 29 ಡಿಗ್ರಿಗೆ ಇಳಿಸಬಲ್ಲದು. ಇದಕ್ಕೆ ಅದು ಬಳಸುವ ವಿದ್ಯುತ್ತು ಸುಮಾರು 200 ವ್ಯಾಟ್. ಒಂದೂವರೆ ಟನ್ನಿನ ಎ.ಸಿ. ಪೂರ್ಣ ಭಾರದಲ್ಲಿ ಓಡುವಾಗ ಇದರ ಏಳೆಂಟು ಪಟ್ಟು ಎಳೆಯುತ್ತದೆ.

ಮಳೆಗಾಲ ಆರಂಭವಾದ ಮೇಲೆ ಈ ಲೆಕ್ಕ ಕುಸಿಯುತ್ತದೆ. ಹೊರಗೆ 32 ಡಿಗ್ರಿ, ತೇವಾಂಶ ಶೇ. 65 ಇದ್ದಾಗ ಕೂಲರಿನಿಂದ ಸಿಗುವುದು ನಾಲ್ಕು ಡಿಗ್ರಿಯ ಇಳಿಕೆ ಮತ್ತು ಮೈಗೆ ಅಂಟುವ ಜಿಗಟು. ಜೊತೆಗೆ ಕೂಲರಿಗೆ ಕಿಟಕಿ ತೆರೆದಿರಬೇಕು, ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಓಣಿಗಳಲ್ಲಿ ದಿನಕ್ಕೆ ಹತ್ತಾರು ಲೀಟರ್ ನೀರನ್ನು ಗಾಳಿಗೆ ಬಿಡುವುದು ಸಣ್ಣ ವಿಷಯವಲ್ಲ. ಕೊಳವೆಬಾವಿಯ ಗಡಸು ನೀರಿನ ಉಪ್ಪು ಕಟ್ಟಿ ಹುಲ್ಲಿನ ಪ್ಯಾಡುಗಳು ಒಂದೇ ಹಂಗಾಮಿನಲ್ಲಿ ಹಾಳಾಗುವುದೂ ಉಂಟು. ಹೀಗಿದ್ದರೂ, ಕುಟುಂಬದ ತೊಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಸೀಮಿತವಾಗಿದ್ದು, ನೀರಿನ ಅನುಕೂಲವೂ ಇದ್ದರೆ, ಚಾವಣಿಗೆ ಸುಣ್ಣ ಮತ್ತು ಒಂದು ಒಳ್ಳೆಯ ಕೂಲರ್ ಇವೆರಡೇ ಅತ್ಯಂತ ಮಿತವ್ಯಯದ ಹವಾನಿಯಂತ್ರಣ ಎನ್ನಲು ಅಡ್ಡಿಯಿಲ್ಲ. ಈ ಸಂಗತಿಯನ್ನು ಎ.ಸಿ. ಮಾರುವ ಅಂಗಡಿಯವರು ತಾವಾಗಿ ಹೇಳಲಾರರು. ಅದು ಅವರ ತಪ್ಪೂ ಅಲ್ಲ.

ನಕ್ಷತ್ರಗಳ ಹಿಂದಿನ ಅಂಕಿ

ಎ.ಸಿ.ಯೇ ಬೇಕೆಂದು ನಿರ್ಧರಿಸಿದವರು ಮೊದಲು ನೋಡುವುದು ನಕ್ಷತ್ರಗಳ ಚೀಟಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ಈ ಪದ್ಧತಿ ಕೋಣೆಯ ಹವಾನಿಯಂತ್ರಕಗಳಿಗೆ 2010ರಿಂದ ಕಡ್ಡಾಯವಾಯಿತು. ನಕ್ಷತ್ರಗಳಿಗಿಂತ ಮುಖ್ಯವಾದದ್ದು ಅದೇ ಚೀಟಿಯಲ್ಲಿ ಸಣ್ಣಕ್ಷರದಲ್ಲಿರುವ ಐಎಸ್ಇಇಆರ್ ಎಂಬ ಅಂಕಿ. ಒಂದು ಹಂಗಾಮಿನಲ್ಲಿ ಯಂತ್ರ ಹೊರಹಾಕಿದ ಶಾಖವನ್ನು ಅದು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಭಾಗಲಬ್ಧವಿದು; ಹೆಚ್ಚಿದ್ದಷ್ಟೂ ಒಳ್ಳೆಯದು.

ನಕ್ಷತ್ರಗಳ ಮಾನದಂಡವನ್ನು ಸರ್ಕಾರ ಕಾಲಕಾಲಕ್ಕೆ ಬಿಗಿಗೊಳಿಸುತ್ತದೆ. ಸ್ಪ್ಲಿಟ್ ಎ.ಸಿ.ಗಳಲ್ಲಿ ಐಎಸ್ಇಇಆರ್ 4.50 ಇದ್ದ ಯಂತ್ರ 2022ರ ಜೂನ್‌ವರೆಗೆ ಐದು ನಕ್ಷತ್ರದ್ದಾಗಿತ್ತು. ಅದೇ ವರ್ಷ ಜುಲೈ 1ರಿಂದ ಐದು ನಕ್ಷತ್ರಕ್ಕೆ 5.00 ಬೇಕಾಯಿತು, ಹಳೆಯ ಐದು ನಕ್ಷತ್ರದ ಯಂತ್ರ ನಾಲ್ಕಕ್ಕೆ ಇಳಿಯಿತು. 2026ರ ಜನವರಿ 1ರಿಂದ ಮಾನದಂಡ ಮತ್ತೊಮ್ಮೆ ಬಿಗಿಯಾಗಿದೆ. ಗೋದಾಮಿನಲ್ಲಿ ಉಳಿದ ಹಳೆಯ ದಾಸ್ತಾನನ್ನು ‘ಐದು ನಕ್ಷತ್ರ, ಭಾರೀ ರಿಯಾಯಿತಿ’ ಎಂದು ಮಾರುವುದನ್ನು ಕಂಡಾಗ ಚೀಟಿಯ ಮೇಲಿನ ಅವಧಿಯನ್ನೂ ಐಎಸ್ಇಇಆರ್ ಅಂಕಿಯನ್ನೂ ಓದಬೇಕು. ರಿಯಾಯಿತಿ ನಿಜವಾಗಿದ್ದರೆ ಹಳೆಯ ದಾಸ್ತಾನು ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಹೊಸ ಐದು ನಕ್ಷತ್ರದ ಬೆಲೆಯೊಂದಿಗೆ ಹೋಲಿಸಬಾರದು.

ಚೀಟಿಯ ಮೇಲೆ ವಾರ್ಷಿಕ ವಿದ್ಯುತ್ ಬಳಕೆಯ ಯೂನಿಟ್ಟುಗಳೂ ಇರುತ್ತವೆ. ಈ ಅಂಕಿ ವರ್ಷಕ್ಕೆ 1600 ಗಂಟೆಗಳ ಬಳಕೆಗೆ ಸಂಬಂಧಿಸಿದ್ದು. ವರ್ತಕರ ಕೈಗೆ ಸಿಗುವ ಅತ್ಯಂತ ಉಪಯುಕ್ತ ಅಂಕಿ ಇದೇ ಆಗಿದೆ. ಉದಾಹರಣೆಗೆ ಒಂದೂವರೆ ಟನ್ನಿನ ಎರಡು ಯಂತ್ರಗಳಿವೆ ಎಂದು ಹಿಡಿಯೋಣ. ಮೊದಲನೆಯದು ಮೂರು ನಕ್ಷತ್ರದ್ದು, ವಾರ್ಷಿಕ 1000 ಯೂನಿಟ್. ಎರಡನೆಯದು ಐದು ನಕ್ಷತ್ರದ್ದು, 750 ಯೂನಿಟ್, ಬೆಲೆ 8,000 ರೂ. ಹೆಚ್ಚು. ಮನೆಯ ವಿದ್ಯುತ್ತಿಗೆ ತೆರಿಗೆ, ಮೇಲ್ತೆರಿಗೆಗಳೆಲ್ಲ ಸೇರಿ ಯೂನಿಟ್ಟಿಗೆ 7 ರೂ., ಅಂಗಡಿಗೆ 9 ರೂ. ಎಂದು ಇಟ್ಟುಕೊಳ್ಳೋಣ, ಓದುಗರು ತಮ್ಮ ಜೆಸ್ಕಾಂ ಬಿಲ್ಲಿನಲ್ಲಿರುವ ದರವನ್ನು ಹಾಕಿಕೊಳ್ಳತಕ್ಕದ್ದು.

ಏಪ್ರಿಲ್, ಮೇ ತಿಂಗಳುಗಳ ಅರವತ್ತು ರಾತ್ರಿ, ರಾತ್ರಿಗೆ ಎಂಟು ಗಂಟೆಯಂತೆ ಓಡಿಸುವ ಕುಟುಂಬದ ಬಳಕೆ ವರ್ಷಕ್ಕೆ 480 ಗಂಟೆ. ಐದು ನಕ್ಷತ್ರದಿಂದ ಉಳಿಯುವುದು 75 ಯೂನಿಟ್, ಅಂದರೆ 525 ರೂ. ಹೆಚ್ಚುವರಿ 8,000 ರೂ. ಮರಳಿ ಬರಲು ಹದಿನೈದು ವರ್ಷ ಬೇಕು. ಅಷ್ಟರೊಳಗೆ ಯಂತ್ರವೇ ಗುಜರಿಗೆ ಹೋಗಿರುತ್ತದೆ. ಅದೇ ಯಂತ್ರವನ್ನು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆಯಂತೆ 240 ದಿನ ಓಡಿಸಿದರೆ 2400 ಗಂಟೆ. ಉಳಿತಾಯ 375 ಯೂನಿಟ್, 3,375 ರೂ. ಹೆಚ್ಚುವರಿ ಹಣ ಎರಡೂವರೆ ವರ್ಷದೊಳಗೆ ಮರಳುತ್ತದೆ. ಗುರುಮಠಕಲ್ಲಿನ ಬೇಸಿಗೆಯ ಉಗ್ರತೆಯನ್ನು ಗಮನಿಸಿ ಗಂಟೆಗೊಂದರ ಬಳಕೆಗೆ ಶೇ. 20 ಕೂಡಿಸಿದರೂ ಮನೆಯ ಮರುಪಾವತಿ ಅವಧಿ ಸುಮಾರು ಹದಿಮೂರು ವರ್ಷಕ್ಕೆ ಇಳಿಯುವುದೇ ಹೊರತು ತೀರ್ಪು ಬದಲಾಗದು. ಎಲ್ಲರಿಗೂ ಐದು ನಕ್ಷತ್ರವೇ ಜಾಣತನವೆಂಬ ಪ್ರಚಾರವನ್ನು ಈ ಕಾರಣದಿಂದ ಹಾಗೆಯೇ ಒಪ್ಪಲಾಗದು.

ಗೃಹಜ್ಯೋತಿಯ ಗೆರೆ

ಮೇಲಿನ ಲೆಕ್ಕಕ್ಕೆ ಕರ್ನಾಟಕದಲ್ಲಿ ಒಂದು ವಿಶೇಷ ತಿದ್ದುಪಡಿ ಅಗತ್ಯ. 2023ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಡಿ ಮನೆಯ ಸಂಪರ್ಕಗಳಿಗೆ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿದ ಅರ್ಹ ಪ್ರಮಾಣದವರೆಗೆ ವಿದ್ಯುತ್ ಉಚಿತ. ಅದನ್ನು ಮೀರಿ 200 ಯೂನಿಟ್ಟಿನೊಳಗೆ ಬಳಸಿದರೆ ಮೀರಿದ್ದಕ್ಕೆ ಮಾತ್ರ ಹಣ. 200 ದಾಟಿದ ತಿಂಗಳು ಪೂರ್ಣ ಬಿಲ್ಲನ್ನು ಕಟ್ಟಬೇಕು. ಎ.ಸಿ. ಎಂಬುದು ಮನೆಯನ್ನು ಈ ಗೆರೆಯಾಚೆ ತಳ್ಳುವ ಯಂತ್ರ.

ಅರ್ಹ ಪ್ರಮಾಣ 100 ಯೂನಿಟ್ ಇರುವ ಒಂದು ಕುಟುಂಬ ಬೇಸಿಗೆಯಲ್ಲಿ ಫ್ರಿಜ್, ಫ್ಯಾನ್, ದೀಪಗಳಿಗೆ 110 ಯೂನಿಟ್ ಬಳಸುತ್ತದೆ ಎಂದುಕೊಳ್ಳೋಣ. ಎ.ಸಿ. ಇಲ್ಲದಾಗ ಅದು ಕಟ್ಟುವುದು ಹತ್ತು ಯೂನಿಟ್ಟಿನ 70 ರೂ. ಮಾತ್ರ. ಮೂರು ನಕ್ಷತ್ರದ ಎ.ಸಿ. ತಿಂಗಳಿಡೀ ರಾತ್ರಿ ಎಂಟು ಗಂಟೆ ಓಡಿದರೆ, ಗಂಟೆಗೆ ಮುಕ್ಕಾಲು ಯೂನಿಟ್ಟಿನಂತೆ 180 ಯೂನಿಟ್ ಕೂಡಿ ಒಟ್ಟು 290 ಆಗುತ್ತದೆ. ಬಿಲ್ಲು 2,030 ರೂ. ಎ.ಸಿ. ಬಳಸಿದ್ದು 180 ಯೂನಿಟ್, ಹೆಚ್ಚಾದ ಹಣ 1,960 ರೂ. ಎಂದರೆ ಎ.ಸಿ.ಯ ಒಂದೊಂದು ಯೂನಿಟ್ಟಿಗೂ ಕುಟುಂಬ ತೆತ್ತದ್ದು 7 ರೂ. ಅಲ್ಲ, ಸುಮಾರು 11 ರೂ. ಅರ್ಥಶಾಸ್ತ್ರದ ಪಾಠಗಳಲ್ಲಿ ಸೀಮಾಂತ ವೆಚ್ಚವೆಂದು ಓದಿದ್ದು ಇಲ್ಲಿ ವಿದ್ಯುತ್ ಬಿಲ್ಲಿನ ರೂಪದಲ್ಲಿ ಮನೆಬಾಗಿಲಿಗೆ ಬರುತ್ತದೆ.

ಐದು ನಕ್ಷತ್ರದ ಯಂತ್ರವೇ ಈ ಗೆರೆಯಿಂದ ಕಾಪಾಡುವುದಿಲ್ಲ. ಎಂಟು ಗಂಟೆ ಓಡಿಸಿದರೆ ಅದೂ 134 ಯೂನಿಟ್ ತೆಗೆದುಕೊಂಡು ಒಟ್ಟು 244ಕ್ಕೆ ಮುಟ್ಟಿಸುತ್ತದೆ. ಆದರೆ ಅದೇ ಯಂತ್ರಕ್ಕೆ ಟೈಮರ್ ಇಟ್ಟು ರಾತ್ರಿ ಐದು ಗಂಟೆ ಮಾತ್ರ ಓಡಿಸಿ, ನಂತರ ಫ್ಯಾನಿನಲ್ಲಿ ಮಲಗಿದರೆ ಬಳಕೆ 84 ಯೂನಿಟ್, ಒಟ್ಟು 194. ಕಟ್ಟಬೇಕಾದ್ದು 94 ಯೂನಿಟ್ಟಿನ 658 ರೂ. ಮೂರು ನಕ್ಷತ್ರದ ಯಂತ್ರವಾದರೆ ಐದು ಗಂಟೆಯಲ್ಲೂ 112 ಯೂನಿಟ್ ಆಗಿ ಗೆರೆ ದಾಟುತ್ತದೆ. ಕೂಲರ್ ಎಂಟು ಗಂಟೆ ಓಡಿದರೂ 48 ಯೂನಿಟ್. ಹೀಗೆ ಸರಾಸರಿ ಲೆಕ್ಕದಲ್ಲಿ ಸೋತ ಐದು ನಕ್ಷತ್ರದ ಯಂತ್ರ, ಶಿಸ್ತಿನಿಂದ ಬಳಸುವ ಮತ್ತು 200ರ ಗೆರೆಯ ಸಮೀಪದಲ್ಲಿರುವ ಕುಟುಂಬಕ್ಕೆ ಲಾಭದಾಯಕವಾಗುವ ಸಂದರ್ಭವೂ ಇದೆ: ಮೇಲಿನ ಕುಟುಂಬದಲ್ಲಿ ಮೂರು ನಕ್ಷತ್ರದ ಬಿಲ್ಲು 1,554 ರೂ. ಆದರೆ ಐದು ನಕ್ಷತ್ರದ್ದು 658 ರೂ. ಬೇಸಿಗೆಯ ಎರಡು ತಿಂಗಳಲ್ಲಿ ಸುಮಾರು 1,800 ರೂ. ಅಂತರ. ಪ್ರತಿ ಮನೆಯೂ ಕಳೆದ ಏಪ್ರಿಲ್, ಮೇ ಬಿಲ್ಲುಗಳನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕಾದ ವಿಷಯವಿದು. ತಾಪಮಾನವನ್ನು ಒಂದು ಡಿಗ್ರಿ ಏರಿಸಿಟ್ಟರೆ ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. 2020ರಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲೇ ಚಾಲೂ ಆಗುವಂತೆ ಕಡ್ಡಾಯಗೊಳಿಸಲಾಗಿದೆ; ಫ್ಯಾನ್ ಜೊತೆಗಿದ್ದರೆ 26 ಸಹ ಸಾಕು.

ನಿಗದಿತ ಶುಲ್ಕವನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಮನೆಗಳ ಸಂಪರ್ಕ ಒಂದು ಕಿಲೋವ್ಯಾಟ್ ಲೋಡಿನದ್ದೇ ಹೆಚ್ಚು. ಎ.ಸಿ. ಹಾಕಿಸಿ ಅದನ್ನು ಮೂರು ಕಿಲೋವ್ಯಾಟಿಗೆ ಏರಿಸಿಕೊಂಡರೆ, ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ನೇ ಸಾಲಿಗೆ ಗೃಹಬಳಕೆಗೆ ನಿಗದಿಪಡಿಸಿದ ತಿಂಗಳಿಗೆ ಕಿಲೋವ್ಯಾಟಿಗೆ 145 ರೂ. ದರದಂತೆ, ಪೂರ್ಣ ಬಿಲ್ಲು ಕಟ್ಟುವ ಮನೆಗೆ ವರ್ಷಕ್ಕೆ 3,480 ರೂ. ಹೆಚ್ಚುವರಿ ಹೊರೆ. ಇದು ಎ.ಸಿ. ಮುಚ್ಚಿಟ್ಟ ಡಿಸೆಂಬರಿನಲ್ಲೂ ಬರುವ ಖರ್ಚು.

ಅಂಗಡಿ ಮುಂದೆ, ಮನೆ ಹಿಂದೆ

ಗುರುಮಠಕಲ್ಲಿನ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ ಎಂಬುದು ಸಾಮಾನ್ಯ. ಹೀಗಾಗಿ ಅಂಗಡಿಯ ಎ.ಸಿ.ಯನ್ನು ಮನೆಯ ಮೀಟರಿಗೆ ಜೋಡಿಸುವ ಆಸೆಯೂ ಸಾಮಾನ್ಯ. ಇದು ವಿದ್ಯುತ್ ಕಾಯ್ದೆ 2003ರ 126ನೇ ಕಲಮಿನ ಅನ್ವಯ ಅನಧಿಕೃತ ಬಳಕೆಯಾಗುತ್ತದೆ. ಸಂಬಂಧಿಸಿದ ದರದ ಎರಡು ಪಟ್ಟು ವಸೂಲಿಗೆ ಅವಕಾಶವಿದೆ. ಯೂನಿಟ್ಟಿಗೆ ಎರಡು ರೂಪಾಯಿ ಉಳಿಸಲು ಹೋಗಿ ವರ್ಷದ ಉಳಿತಾಯವನ್ನು ಒಂದೇ ನೋಟಿಸಿಗೆ ಕಳೆದುಕೊಳ್ಳುವ ವ್ಯವಹಾರವಿದು.

ಇದಕ್ಕೆ ವಿರುದ್ಧವಾದ ಇನ್ನೊಂದು ಆಸೆಯೂ ಇದೆ. ಮನೆಯ ಮಲಗುವ ಕೋಣೆಯ ಎ.ಸಿ.ಯನ್ನು ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ಜಿಎಸ್‌ಟಿ ಜಮೆಯನ್ನೂ ಸವಕಳಿಯನ್ನೂ ಪಡೆಯುವುದು. ಸ್ವಂತ ಬಳಕೆಯ ವಸ್ತುವಿಗೆ ಇನ್‌ಪುಟ್ ತೆರಿಗೆ ಜಮೆ ಇಲ್ಲ. ಅಂಗಡಿಯ ಹಣದಿಂದ ಕೊಂಡರೂ ಅದು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗಬೇಕಾದದ್ದು. ಅಂಗಡಿಯಲ್ಲೇ ಅಳವಡಿಸಿದ ಸ್ಪ್ಲಿಟ್ ಎ.ಸಿ.ಗೆ, ನಿಯತ ಪದ್ಧತಿಯಲ್ಲಿ ನೋಂದಣಿ ಪಡೆದ ವರ್ತಕರು ಜಮೆ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯ ವರ್ತಕರಿಗೆ ಈ ಜಮೆ ದೊರೆಯದು. ಆದಾಯ ತೆರಿಗೆಯಲ್ಲಿ ವಹಿವಾಟಿನ ಶೇ. 6 ಅಥವಾ 8ನ್ನು ಅಂದಾಜು ಲಾಭವೆಂದು ಘೋಷಿಸುವವರಿಗೆ ಸವಕಳಿಯನ್ನು ಈಗಾಗಲೇ ಕೊಟ್ಟಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಈ ಊರಿನ ಸಣ್ಣ ವರ್ತಕರಲ್ಲಿ ಬಹುಪಾಲು ಈ ಎರಡು ವರ್ಗಗಳಲ್ಲಿ ಬರುವುದರಿಂದ ಅವರ ಮಟ್ಟಿಗೆ ಬಿಲ್ಲಿನ ಪೂರ್ಣ ಮೊತ್ತವೇ ನಿಜವಾದ ಬೆಲೆ. ‘ತೆರಿಗೆಯಲ್ಲಿ ವಾಪಸು ಬರುತ್ತದೆ’ ಎಂಬ ಮಾರಾಟಗಾರರ ಮಾತಿಗೆ ಬೆಲೆ ಕೊಡಬೇಕಾದ್ದಿಲ್ಲ.

ಲೆಕ್ಕಪುಸ್ತಕ ಇಟ್ಟು ಸವಕಳಿ ಪಡೆಯುವವರು ಮತ್ತೊಂದನ್ನು ನೆನಪಿಡಬೇಕು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟು ಆಸ್ತಿ ಕೊಂಡರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಬರುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಕ್ಷೇಮ.

ತೆಲಂಗಾಣದ ಗಡಿ ಕೂಗಳತೆಯಲ್ಲಿರುವುದರಿಂದ ನಾರಾಯಣಪೇಟೆ ಅಥವಾ ಹೈದರಾಬಾದಿನಿಂದ ಎ.ಸಿ. ತರುವುದೂ ಇಲ್ಲಿನ ರೂಢಿ. ಅಲ್ಲಿನ ಕೌಂಟರಿನಲ್ಲಿ ಕೊಡುವ ಬಿಲ್ಲಿನಲ್ಲಿ ತೆಲಂಗಾಣದ ರಾಜ್ಯ ಜಿಎಸ್‌ಟಿ ನಮೂದಾಗಿದ್ದರೆ ಅದರ ಜಮೆ ಕರ್ನಾಟಕದ ನೋಂದಣಿಯಲ್ಲಿ ಸಿಗದು. ಜಮೆ ಬೇಕಿರುವ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟು, ಸರಕು ಗುರುಮಠಕಲ್ಲಿಗೆ ತಲುಪುವಂತೆ ಐಜಿಎಸ್‌ಟಿ ಬಿಲ್ಲು ಮಾಡಿಸಿಕೊಳ್ಳಬೇಕು. ಮೊತ್ತ 50,000 ರೂ. ಮೀರಿದರೆ ಇ-ವೇ ಬಿಲ್ಲೂ ಬೇಕು. ಯಂತ್ರ ಕೂರಿಸಲು ಮತ್ತು ವಾರಂಟಿ ಅವಧಿಯ ರಿಪೇರಿಗೆ ಯಾದಗಿರಿಯಿಂದ ಯಾರು ಬರುತ್ತಾರೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸುವುದು ಒಳ್ಳೆಯದು. ಸಾವಿರ ರೂಪಾಯಿ ಉಳಿಸಿ ಮೇ ತಿಂಗಳಲ್ಲಿ ಹದಿನೈದು ದಿನ ಮೆಕ್ಯಾನಿಕ್‌ಗಾಗಿ ಕಾಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಅಂದಹಾಗೆ, ಹವಾನಿಯಂತ್ರಕಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಪೂರ್ವ ಬೆಲೆ 30,000 ರೂ. ಇರುವ ಯಂತ್ರಕ್ಕೆ ಇದರಿಂದ 3,000 ರೂ. ಕಡಿಮೆ. ಹಳೆಯ ಬೆಲೆಪಟ್ಟಿ ತೋರಿಸಿ ಅದರ ಮೇಲೆ ‘ವಿಶೇಷ ರಿಯಾಯಿತಿ’ ಕೊಡುವವರ ಬಿಲ್ಲಿನಲ್ಲಿ ತೆರಿಗೆಪೂರ್ವ ಬೆಲೆಯನ್ನು ನೋಡಿದರೆ ಆ ರಿಯಾಯಿತಿ ಅಂಗಡಿಯವರದೋ ಸರ್ಕಾರದ್ದೋ ತಿಳಿಯುತ್ತದೆ.

ಕಂತಿನ ಬಡ್ಡಿ

‘ಶೂನ್ಯ ಬಡ್ಡಿ’ ಕಂತುಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿ, ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಸ್ಪಷ್ಟಪಡಿಸಿತ್ತು. 40,000 ರೂ.ಗಳ ಯಂತ್ರಕ್ಕೆ ನಗದು ಗ್ರಾಹಕರಿಗೆ 3,000 ರೂ. ಬಿಡುವ ಅಂಗಡಿ, ಹನ್ನೆರಡು ಕಂತಿನವರಿಗೆ ಪೂರ್ಣ ಬೆಲೆ ಹಾಕಿ 1,000 ರೂ. ಪ್ರಕ್ರಿಯಾ ಶುಲ್ಕವನ್ನೂ ಪಡೆದರೆ ವಾರ್ಷಿಕ ಬಡ್ಡಿ ಸುಮಾರು ಶೇ. 20 ಆಗುತ್ತದೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಇರುವ ವರ್ತಕರಿಗೆ ಅದಕ್ಕಿಂತ ಅಗ್ಗದ ಹಣ ಕೈಯಲ್ಲೇ ಇರುತ್ತದೆ. ದೀಪಾವಳಿಯ ನಂತರ, ಚಳಿಗಾಲದಲ್ಲಿ ಬೇಡಿಕೆ ಇಳಿದಾಗ ನಗದಿಗೆ ಕೊಳ್ಳುವುದು ಇನ್ನೂ ಲೇಸು. ತೊಗರಿ, ಹತ್ತಿಯ ವ್ಯಾಪಾರದಲ್ಲಿ ಹಂಗಾಮಿನ ಬೆಲೆಯ ಏರಿಳಿತವನ್ನು ಚೆನ್ನಾಗಿ ಬಲ್ಲವರು ಎ.ಸಿ.ಯನ್ನು ಮಾತ್ರ ಏಪ್ರಿಲ್ ಕೊನೆಯಲ್ಲಿ ಕೊಳ್ಳುವುದು ವಿಚಿತ್ರ.

ಬಿಲ್ಲಿನಾಚೆಯ ಖರ್ಚನ್ನೂ ಮೊದಲೇ ಕೂಡಿಸಿಡಬೇಕು. ಉಚಿತವಾಗಿ ಸಿಗುವ ತಾಮ್ರದ ಪೈಪಿಗಿಂತ ಹೆಚ್ಚು ಬೇಕಾದರೆ ಅದರ ಬೆಲೆ, ಹೊರಘಟಕದ ಸ್ಟ್ಯಾಂಡು, ಕಲ್ಲಿನ ಗೋಡೆ ಕೊರೆಯುವ ಕೂಲಿ, ಪ್ರತ್ಯೇಕ ವೈರಿಂಗ್, ಎಂಸಿಬಿ, ಅರ್ಥಿಂಗ್, ವೋಲ್ಟೇಜ್ ಏರುಪೇರು ಹೆಚ್ಚಿರುವ ಓಣಿಯಾದರೆ ಸ್ಟೆಬಿಲೈಸರ್. ಕಲ್ಲಿನ ಗೋಡೆಯ ಹಳೆಯ ಮನೆಯಲ್ಲಿ ಇವೆಲ್ಲ ಸೇರಿ ಯಂತ್ರದ ಬೆಲೆಯ ಗಣನೀಯ ಭಾಗವನ್ನೇ ಮುಟ್ಟಬಹುದು. ಹೊರಘಟಕವನ್ನು ಪಶ್ಚಿಮದ ಬಿಸಿಲಿನಲ್ಲಿ ಇಡದೆ ಗಾಳಿಯಾಡುವ ನೆರಳಿನಲ್ಲಿ ಇರಿಸುವುದಕ್ಕೆ ಖರ್ಚಿಲ್ಲ, ಪ್ರಯೋಜನ ಬಹಳ.

ಅಮೆರಿಕದಲ್ಲಿ ಮಕ್ಕಳಿರುವ ಕುಟುಂಬಗಳು ಅಲ್ಲಿನ ಮನೆಗಳ ವ್ಯವಸ್ಥೆಯನ್ನು ಕಂಡು ಬಂದು, ಬೇಸಿಗೆಗೂ ಚಳಿಗೂ ಒಂದೇ ಯಂತ್ರ ಸಿಗುವುದೇ ಎಂದು ವಿಚಾರಿಸುವುದುಂಟು. ಅಲ್ಲಿನ ಶೀತ ರಾಜ್ಯಗಳಲ್ಲಿ ನೈಸರ್ಗಿಕ ಅನಿಲದಿಂದ ಉರಿಯುವ ಫರ್ನೇಸನ್ನೂ ಎ.ಸಿ.ಯನ್ನೂ ಜೋಡಿಯಾಗಿಯೇ ಕೊಳ್ಳುತ್ತಾರೆ. ಎರಡಕ್ಕೂ ಗಾಳಿ ಊದುವ ಬ್ಲೋವರ್ ಮತ್ತು ಮನೆತುಂಬ ಹರಡಿದ ಗಾಳಿಕೊಳವೆಗಳು ಒಂದೇ. ಸೊನ್ನೆಗಿಂತ ಕೆಳಗಿಳಿಯುವ ಚಳಿಗೆ ಅದು ಅನಿವಾರ್ಯ. ಗುರುಮಠಕಲ್ಲಿನ ಡಿಸೆಂಬರಿಗೆ ಒಂದು ಕಂಬಳಿ ಸಾಕು. ಇಲ್ಲಿ ‘ಹಾಟ್ ಅಂಡ್ ಕೋಲ್ಡ್’ ಎಂದು ಮಾರುವ, ತಂಪಿನ ಜೊತೆ ಬಿಸಿಗಾಳಿಯನ್ನೂ ಕೊಡುವ ಎ.ಸಿ.ಗಳಿಗೆ ಹೆಚ್ಚಿನ ಹಣ ತೆರುವುದು ವ್ಯರ್ಥ. ಆದರೆ ಅಲ್ಲಿನ ಒಳ್ಳೆಯ ಗುತ್ತಿಗೆದಾರರು ಬೆಲೆ ಹೇಳುವ ಮೊದಲು ಮನೆಯ ಗೋಡೆ, ಕಿಟಕಿ, ಚಾವಣಿಗಳನ್ನು ಅಳೆದು ಶಾಖದ ಭಾರವನ್ನು ಲೆಕ್ಕ ಹಾಕುವ ಕ್ರಮವಿದೆ. ಅದನ್ನು ಇಲ್ಲಿಗೆ ತರಬಹುದಾಗಿತ್ತು.

ಇಲ್ಲಿ ಎ.ಸಿ.ಯ ಮಾತಿನಲ್ಲಿ ಗ್ಯಾಸ್ ಎಂದರೆ ಉರಿಸುವ ಅನಿಲವಲ್ಲ, ಕೊಳವೆಗಳಲ್ಲಿ ಸುತ್ತುವ ಶೀತಕ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸಬೇಕೆಂಬ ನಂಬಿಕೆ ಪೇಟೆಯಲ್ಲಿ ಬೇರೂರಿದೆ. ವಾಸ್ತವವಾಗಿ ಈ ಶೀತಕ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ವರ್ಷಾನುವರ್ಷ ಅಷ್ಟೇ ಇರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಸೋರಿಕೆ ಹುಡುಕಿ ಬೆಸುಗೆ ಹಾಕದೆ ಗ್ಯಾಸ್ ಮಾತ್ರ ತುಂಬುವುದು ತೂತಾದ ಕೊಡಕ್ಕೆ ನೀರು ಹೊತ್ತಂತೆ. ತಾಮ್ರದ ಸುರುಳಿ ಇರುವ ಯಂತ್ರವಾದರೆ ಸ್ಥಳೀಯ ಮೆಕ್ಯಾನಿಕ್‌ಗಳು ಬೆಸುಗೆ ಹಾಕಬಲ್ಲರು. ಅಲ್ಯೂಮಿನಿಯಂ ಸುರುಳಿಯದಾದರೆ ಬಹುತೇಕ ಇಡೀ ಸುರುಳಿಯನ್ನೇ ಬದಲಿಸಬೇಕಾಗುತ್ತದೆ. ಈಗಿನ ಮನೆಬಳಕೆಯ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಆರ್-32 ಶೀತಕ ಸ್ವಲ್ಪಮಟ್ಟಿಗೆ ಉರಿಯುವ ಗುಣದ್ದು. ಕೆಲಸ ಬಲ್ಲವರ ಕೈಗೇ ಒಪ್ಪಿಸಬೇಕು.

ಹೈದರಾಬಾದಿನ ಕಚೇರಿಗಳಿಂದ ಕಳಚಿ ತಂದ ಹಳೆಯ ಎ.ಸಿ.ಗಳು ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತವೆಂದು ಕೇಳಿಬಂದರೆ ಮೊದಲು ಹೊರಘಟಕದ ಫಲಕವನ್ನು ಓದಬೇಕು. ಅದರಲ್ಲಿ ಆರ್-22 ಎಂದಿದ್ದರೆ ಬಿಟ್ಟುಬಿಡುವುದೇ ಸರಿ. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಶೀತಕವನ್ನು ಭಾರತ ಹಂತಹಂತವಾಗಿ ಕೈಬಿಡುತ್ತಿದ್ದು, 2025ರ ಜನವರಿಯಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಅದರ ಬಳಕೆ ನಿಂತಿದೆ. ಹಳೆಯ ಯಂತ್ರಗಳ ರಿಪೇರಿಗೆ ದೊರೆಯುವ ಪ್ರಮಾಣವೂ ಮುಂದೆ ಕುಗ್ಗುತ್ತಲೇ ಹೋಗುವುದರಿಂದ, ಒಮ್ಮೆ ಸೋರಿದರೆ ಮತ್ತೆ ತುಂಬಿಸುವ ಖರ್ಚು ಕೊಂಡ ಬೆಲೆಯ ಸಮೀಪಕ್ಕೇ ಬರಬಹುದು.